ಬದುಕಿರುವವರ ಸಾಲು

ಕೊರ್ನೇನಿ
ಮೇ ಏಳು, ಭಾನುವಾರ

ನನ್ನ ರುಕ್ಸಾಂಡ್ರಾ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಹೋದ ಮಂಗಳವಾರ ಟಿ.ವಿ.ಯಲ್ಲಿ ಕಂಡೆ, ಚೆನ್ನಾಗಿಯೇ ಇದ್ದೀಯೆ. ಕಂಪನಿಗಳು ಮನುಷ್ಯರನ್ನು ಮನುಷ್ಯರಂತೆ ಕಾಣಬೇಕು ಎಂದು ಜಿನೀವಾದಲ್ಲಿ ಭಾಷಣ ಮಾಡುತ್ತಿದ್ದೆ. ಇಲ್ಲಿ ನಮ್ಮ ಬಾವಿಯಲ್ಲಿ ಇನ್ನೂ ಬೂದು ಕೆಸರೇ ಬರುತ್ತಿದೆ.

ಸಾವೆತಾ ಪಕ್ಕದಲ್ಲೇ ಕೂತಿದ್ದಳು. ತಾಮ್ರದ ಗಣಿಯ ಕೆಸರುಕಟ್ಟೆ ಒಡೆದ ದಿನ ಹಸು ಬಿಚ್ಚಲು ಹೋದ ಅವಳ ಗಂಡ ತೋದೆರ್ ಕೊಟ್ಟಿಗೆಯಲ್ಲೇ ಹೂತುಹೋದನಲ್ಲ. 'ವೆತೂರಿಯಾ, ನಿನ್ ಮಗಳು ಲೋಕಕ್ಕೆಲ್ಲಾ ನ್ಯಾಯ ಹೇಳ್ತಾಳೆ ಕಣೇ, ನಮ್ಮೂರು ಅಂದ್ರೆ ಮಾತ್ರ ಬಾಯಿಗೆ ಬೀಗ' ಎಂದಳು. ತಲೆ ತಗ್ಗಿಸಿ ಹುಳಿಸಾರು ಕುಡಿದೆ.

ಭೋಪಾಲದ ವಿಷಾನಿಲದ ಮೇಲೆ ನೀನು ಬರೆದ ಮೊದಲ ಪುಸ್ತಕ ಇನ್ನೂ ದೇವರ ಪಟದ ಕೆಳಗಿದೆ. ನಿಮ್ಮಪ್ಪ ಅದನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ತಿರುಗಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷ. ಆದರೆ ಮೂರು ವರ್ಷದ ಹಿಂದೆ ಕಟ್ಟೆ ಎತ್ತರಿಸಲು 'ಒಪ್ಪಿಗೆ ಕೊಟ್ಟ ಗ್ರಾಮಸ್ಥರ' ಪಟ್ಟಿಯಲ್ಲಿ ಅವರ ಹೆಸರಿದೆ: ಗ್ಲಿಗೋರ್! ಕಟ್ಟೆ ಒಡೆದದ್ದಕ್ಕೆ ನಾವು ಹೂಡಿದ ಮೊಕದ್ದಮೆಯಲ್ಲಿ ಕಂಪನಿಯ ವಕೀಲ ಆ ಪಟ್ಟಿಯನ್ನು ಎತ್ತಿ ಹಿಡಿದು, 'ಊರೇ ಒಪ್ಪಿದೆ ಸ್ವಾಮಿ, ಪ್ರೊಫೆಸರಮ್ಮನೇ ಪರಿಶೀಲಿಸಿ ವರದಿಗೆ ರುಜು ಹಾಕಿದಾರೆ' ಎಂದ. ಪ್ರೊಫೆಸರಮ್ಮ ಎಂದರೆ ನೀನು.

ನೋಡಿದ ಕೂಡಲೇ ನಿನಗೆ ತಿಳಿಯಬೇಡವೇ? ಮನೆತನದ ಹೆಸರಿಲ್ಲ, ರುಜುವಿಲ್ಲ, ಬರೀ ಚರ್ಚಿನಲ್ಲಿಟ್ಟ ಹೆಸರು. ಎಡಗಡೆ ಬದುಕಿರುವವರ ಸಾಲು, ಬಲಗಡೆ ಸತ್ತವರ ಸಾಲು. ಸತ್ತವರನ್ನು ನೆನೆಯುವ ಶನಿವಾರ ಪ್ರಾರ್ಥನೆಯಲ್ಲಿ ಪಾದ್ರಿ ಓದಲಿ ಎಂದು ಬೇಯಿಸಿದ ಗೋಧಿಯ ಜೊತೆ ಕೊಡುವ ಚೀಟಿ ಕಣೇ ಅದು! ನಾಲ್ಕು ವರ್ಷದವಳಿದ್ದಾಗ ಮೇಣದಬತ್ತಿ ಹಿಡಿದು ನನ್ನ ಜೊತೆ ಬರುತ್ತಿದ್ದೆ. ಕಟ್ಟೆ ಎತ್ತರಿಸಿದ ವರ್ಷ ಕಂಪನಿಯವರು ಚರ್ಚಿನ ಬಾಗಿಲಲ್ಲಿ ನಿಂತು ಒಳ್ಳೊಳ್ಳೆ ಕಾಗದ ಹಂಚಿದರು. 'ಅಜ್ಜಿ, ಇದರ ಮೇಲೇ ಬರೀರಿ, ಪಾದ್ರಿಗೆ ನಾವೇ ಕೊಡ್ತೀವಿ' ಎಂದರು. ಕೊಟ್ಟರು, ಚೆನ್ನಾಗಿ ಕೊಟ್ಟರು, ಚೀಟಿಗಳನ್ನೇ ಹೊಲಿದು ಒಪ್ಪಿಗೆಯ ಪಟ್ಟಿ ಮಾಡಿಕೊಂಡರು. ಅವರ ಮನೆ ಹಾಳಾಗ.

ಫೋನಿನಲ್ಲಿ ನೀನೇನೆಂದೆ? 'ಅಮ್ಮಾ, ಒಂದೊಂದು ಹೆಸರನ್ನೂ ನಾನೇ ನೋಡಿದೀನಿ. ಈಗ ತಪ್ಪಾಯ್ತು ಅಂದ್ರೆ ಮೂವತ್ತು ವರ್ಷದ ಮರ್ಯಾದೆ ಮಣ್ಣುಪಾಲಾಗುತ್ತೆ' ಎಂದೆ. ಮಣ್ಣುಪಾಲಾಗುವುದು ಎಂದರೆ ಏನೆಂದು ನನ್ನನ್ನು ಕೇಳು. ತೋದೆರ್‌ನನ್ನು ಕೆಸರಿನಿಂದ ತೆಗೆದಾಗ ಅವನ ಮುಖ ತೊಳೆದವಳು ನಾನು.

ಗುರುವಾರ ಕೊನೆಯ ವಿಚಾರಣೆ. ನೀನು ಬಂದು 'ನನ್ನ ವರದಿ ತಪ್ಪು' ಎಂದರೆ ಮೊಕದ್ದಮೆ ಉಳಿಯುತ್ತದೆ, ಇಲ್ಲದಿದ್ದರೆ ಮುಗಿಯಿತು ಎಂದು ನಮ್ಮ ವಕೀಲ ಹೇಳಿದ್ದಾನೆ. ನಮ್ಮ ಮಾತಿಗೆ ಅಲ್ಲಿ ಬೆಲೆಯಿಲ್ಲ, ನಿನ್ನ ರುಜುವಿಗೆ ಇದೆ. ಬುಧವಾರದ ಬಸ್ಸಿಗೆ ಬಾ. ಎಲೆಕೋಸಿನ ಸುರುಳಿ ಮಾಡಿಟ್ಟಿರುತ್ತೇನೆ. ಎಷ್ಟು ಸಿಟ್ಟಿದ್ದರೂ ಮಗಳನ್ನು ಉಪವಾಸ ಕೆಡವುವವಳಲ್ಲ ನಾನು.

ನಿನ್ನ ಹೆತ್ತವಳು,
ವೆತೂರಿಯಾ

ಇನ್ನೊಂದು ಮಾತು: ನಮ್ಮ ಮನೆಯ ಚೀಟಿ ಬರೆದವಳು ನಾನೇ. ಕಣ್ಣು ಮಂಜಾದ ಸಾವೆತಾಳದ್ದೂ ನನ್ನದೇ ಅಕ್ಷರ. ಶುಕ್ರವಾರ ನ್ಯಾಯಾಧೀಶರೆದುರು ಒಪ್ಪಿಕೊಂಡೆ. 'ಹಾಗಾದ್ರೆ ಬರೆದುಕೊಟ್ಟೋರು ನೀವೇ ಅಂತಾಯ್ತು' ಎಂದು ಕಂಪನಿಯ ವಕೀಲ ನಕ್ಕ. ಸಾವೆತಾ ಎದ್ದು ಹೊರಗೆ ಹೋದಳು. ನೀನು ಒಂದೊಂದು ಹೆಸರನ್ನೂ ನೋಡಿದೆ ಎಂದೆಯಲ್ಲ? ನಮ್ಮ ಚೀಟಿ ಮೊದಲನೇ ಪುಟದಲ್ಲೇ ಇದೆ. ಬದುಕಿರುವವರ ಸಾಲಿನಲ್ಲಿ ನಾನು ಪ್ರತಿವರ್ಷ ಎಲ್ಲರಿಗಿಂತ ಮೊದಲು ಬರೆಯುವ ಹೆಸರು ಒಂದೇ: ರುಕ್ಸಾಂಡ್ರಾ.