ಕತ್ತರಿ ಗುರುತಿನ ಅವ್ವ

ಹೊನವಾಡ
ಶುಕ್ರವಾರ, ಸಂಜೆ

ನನ್ನ ಜಗಳಗಂಟಿ ಮಗಳು ಚಿ. ಕಾವ್ಯಾಳಿಗೆ ಅವ್ವನ ಮನಸಾರೆ ಆಶೀರ್ವಾದ.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನೀನೂ ಮೊಮ್ಮಗಳು ಗೌತಮಿಯೂ ವಿಜಯಪುರದಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ನನ್ನ ಫೋನು ಈಗ ನನ್ನದಲ್ಲ, ಚುನಾವಣೆಯದು. ನಿನ್ನ ಅಣ್ಣ ಸತೀಶಕುಮಾರ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಹಾಗಾಗಿ ನೀನು ಮಂಗಳವಾರ ಕಳಿಸಿದ ಮೆಸೇಜನ್ನು ನನಗಿಂತ ಮೊದಲು ಜೀಪಿನಲ್ಲಿದ್ದವರೆಲ್ಲ ಓದಿದರು. ಆಮೇಲೆ ಸತೀಶ ನನಗೆ ಓದಿ ಹೇಳಿದ. "ಅವ್ವಾ, ಕನಮಡಿ ವಿಡಿಯೋ ನೋಡಿದೆ. ಇದು ನಿನ್ನ ಸಂಪ್ರದಾಯ ಆದ್ರ ನಾ ಇನ್ನ ಆ ಮನಿಗೆ ಬರೂದಿಲ್ಲ."

ಚುನಾವಣೆ ಸೋತರೆ ನನಗೆ ನಿದ್ದೆ ಕೆಡುವುದಿಲ್ಲ ಕಾವ್ಯಾ. ನೀನು ಮನೆಗೆ ಬರುವುದಿಲ್ಲ ಎಂದರೆ ಕೆಡುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು. ಸಾಲೆಯ ಹುಡುಗರ ಪೇಪರು ತಿದ್ದುವ ಹಾಗೆ ಎರಡು ಸಾಲಿಗೇ ಕೆಂಪು ಗೆರೆ ಎಳೆದು ಕೂರಬೇಡ.

ಮೊದಲು ಪ್ರಚಾರದ ಸಂಭ್ರಮ ಕೇಳು. ಜಿಲ್ಲಾ ಪಂಚಾಯತಿಯ ಈ ಕ್ಷೇತ್ರ ಹೆಣ್ಣುಮಕ್ಕಳಿಗೆ ಮೀಸಲಾದ ದಿನವೇ ಎರಡು ಪಕ್ಷದವರೂ ನಮ್ಮ ಅಂಗಡಿಯ ಕಟ್ಟೆಗೆ ಬಂದು ಕೂತದ್ದು ನಿನಗೆ ಗೊತ್ತು. ಅವರಿಗೆ ಬೇಕಾಗಿದ್ದದ್ದು ನಿನ್ನ ಅಪ್ಪನವರ ಹೆಸರು ಮತ್ತು ನನ್ನ ಸಹಿ. ನನ್ನ ಬಾಯಿ ಯಾರಿಗೂ ಬೇಕಾಗಿರಲಿಲ್ಲ. ಬಾಯಿ ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ ಎಂದು ಚಹಾ ಕುಡಿಸಿ ಕಳಿಸಿ, ಪಕ್ಷೇತರಳಾಗಿ ನಿಂತೆ. ಮನೆ ಒಡೆಯಬೇಡಿ, ಒಂದು ಮನೆಗೆ ಒಂದೇ ಒಲೆ ಇರಲಿ ಎಂದು ಊರೂರು ಸಾರುವವಳಿಗೆ ಚುನಾವಣೆಯ ಸಾಹೇಬರು ಕೊಟ್ಟ ಗುರುತು ಯಾವುದು? ಕತ್ತರಿ! ಟಿಕೋಟಾದ ಸಂತೆಯಲ್ಲಿ ಒಬ್ಬ ಮುದುಕ ಅಡ್ಡ ನಿಂತು, "ಯವ್ವಾ, ಮನಿ ಕೂಡಸ್ತೀನಿ ಅಂತೀ, ಕೈಯಾಗ ಕತ್ತರಿ ಹಿಡದೀಯಲ್ಲಬೇ" ಎಂದ. ನಾನೇನು ಬಿಡುವವಳೇ? "ಯಪ್ಪಾ, ಕತ್ತರಿಗೂ ಎರಡು ಅಲಗು ಕೂಡಿದ್ರನ ಕೆಲಸ. ಬಿಚ್ಚಿ ಬ್ಯಾರೆ ಮಾಡಿದ್ರ ಯಾತಕ್ಕೂ ಬರೂದಿಲ್ಲ" ಎಂದೆ. ಸಂತೆಯೆಲ್ಲ ನಕ್ಕಿತು. ಆ ಮುದುಕ ನನ್ನ ಜೀಪಿಗೆ ಒಂದು ಬುಟ್ಟಿ ದ್ರಾಕ್ಷಿ ಇಟ್ಟು ಹೋದ.

ನನ್ನ ಮಾತುಗಳು ನಿನಗೆ ಸೇರುವುದಿಲ್ಲ. ಆದರೂ ಹೇಳುತ್ತೇನೆ. ಊರೊಳಗೆ ಸಾರಾಯಿ ಅಂಗಡಿ ಬೇಡ. ಊರ ಗಾಯರಾಣವನ್ನು ದನ ಮೇಯಲು ಬಿಡಿ, ಕಂಪನಿಯವರಿಗೆ ಕೊಡಬೇಡಿ. ಅಜ್ಜಂದಿರು ಬಿಟ್ಟು ಹೋದ ನೆಲವನ್ನು ಮಾರಲು ನಾವು ಯಾರು? ಹಾಸಿಗೆ ಇದ್ದಷ್ಟು ಕಾಲು ಚಾಚಿರಿ, ಪಂಚಾಯತಿಗೂ ಅದೇ ಮಾತು. ಮದುವೆಯ ಮೆರವಣಿಗೆಯಲ್ಲಿ ಎದೆ ಒಡೆಯುವ ಡಿಜೆ ಬೇಡ, ಕರಡಿ ಮಜಲಿನ ವಾದ್ಯ ಸಾಕು. ಇದನ್ನೆಲ್ಲ ಬಬಲೇಶ್ವರದಿಂದ ಬಾಡಿಗೆಗೆ ತಂದ ಮೈಕಿನಲ್ಲಿ ಹೇಳುತ್ತ ಬಂದೆ. ಹೆಂಗಸರು ಚಪ್ಪಾಳೆ ತಟ್ಟಿದರು, ಡಿಜೆ ಹುಡುಗರು ಮುಖ ಊದಿಸಿಕೊಂಡರು. ಹೆಣ್ಣುಮಕ್ಕಳು ದೀಪ ಹಚ್ಚುವುದರೊಳಗೆ ಮನೆ ಸೇರಬೇಕು ಎಂದದ್ದಕ್ಕೆ ಮಾತ್ರ ಟಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು ನನ್ನನ್ನು ಸುತ್ತುಗಟ್ಟಿದರು. ನಿಖತ ಎಂಬವಳು ಮುಂದೆ ಬಂದು, "ಅಮ್ಮಾರ, ಕಾಲೇಜ ನಾಕಕ್ಕ ಬಿಡತೈತ್ರಿ, ಬಸ್ಸು ಆರೂವರಿಗೆ. ಬಸ್ಸರ ಲಗೂ ಬಿಡಸ್ರಿ, ಇಲ್ಲಾಂದ್ರ ದೀಪಾನರ ತಡಾ ಮಾಡಿ ಹಚ್ರಿ" ಎಂದಳು. ಅಂದಿನಿಂದ ನನ್ನ ಭಾಷಣದಲ್ಲಿ ಐದು ಗಂಟೆಯ ಬಸ್ಸು ಸೇರಿಕೊಂಡಿದೆ. ಹೌದು, ಹೇಳುವುದು ಆಚಾರ ತಿನ್ನುವುದು ಬದನೆಕಾಯಿ ಎಂದು ನೀನು ಅನ್ನುತ್ತೀಯ. ಅನ್ನು. ಬದನೆಕಾಯಿ ಎಣ್ಣೆಗಾಯಿ ನಿನಗೂ ಇಷ್ಟವೇ.

ಇನ್ನು ಕನಮಡಿಯ ಮಾತು.

ಅದು ನನ್ನ ತವರು. ಅಣ್ಣಂದಿರು ಮನೆ ಮಾರಿ ಸಾಂಗ್ಲಿಗೆ ಹೋಗಿ ವರ್ಷಗಳಾದವು, ಆದರೂ ಊರು ಕಂಡ ಕೂಡಲೇ ಎದೆ ಹಿಗ್ಗುತ್ತದೆ. ಸೋಮವಾರ ಮುಂಜಾನೆ ಹೋದೆವು. ನನ್ನ ಜೊತೆ ನಮ್ಮ ಓಣಿಯ ಕಾಶಿಬಾಯಿ ಇದ್ದಳು, ಬಳೆ ಮಾರುವ ನಮ್ಮ ಮಾಶಾಬಿಯೂ ಇದ್ದಳು. ಗೌಡರ ವಾಡೆಯಲ್ಲಿ ಚಹಾ ಆಯಿತು. ಅಲ್ಲಿಯ ಹೆಂಗಸರು ಮುತ್ತೈದೆ ಕಾಶಿಬಾಯಿಗೆ ಉಡಿ ತುಂಬಿದರು, ನನಗೆ ಕೈ ಮುಗಿದರು. ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ. ನಿನ್ನ ಅಪ್ಪನವರು ಹೋದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ. ನನಗದು ಬೇಸರವೂ ಅಲ್ಲ, ಊಟದ ನಂತರ ತಾಟು ಎತ್ತಿಡುವಷ್ಟು ಸಹಜ.

ಅಲ್ಲಿಂದ ಅಂಬೇಡ್ಕರ್ ಓಣಿಗೆ ಹೋದೆವು. ದುಂಡವ್ವ ಎಂಬ ಹೆಂಗಸು, ನನ್ನ ವಯಸ್ಸಿನವಳೇ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆಗೆಂದು ಒಂದು ಹಸಿರು ಖಣ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. "ಊರ ಮಗಳು ಬಂದಾಳ, ಸೆರಗ ಒಡ್ರಿ" ಎಂದಳು. ನಾನು ಬೆಂಕಿ ಕಂಡವಳಂತೆ ಹಿಂದೆ ಸರಿದೆ. "ನನಗ ಬ್ಯಾಡವ್ವ, ಬ್ಯಾಡ" ಎಂದು ಕೈಯನ್ನೂ ಹಿಂದಕ್ಕೆ ಎಳೆದುಕೊಂಡೆ. ಅವಳ ಬೊಗಸೆಯ ಅಕ್ಕಿ ನೆಲಕ್ಕೆ ಬಿತ್ತು. ಯಾಕೆ ಬೇಡ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ವಿಧವೆಯ ಹಣೆ ನೋಡಿದರೆ ಯಾರಿಗಾದರೂ ತಿಳಿಯುತ್ತದೆ ಎಂದುಕೊಂಡು ಮುಂದಿನ ಮನೆಗೆ ನಡೆದೆ.

ಅವರಿಗೆ ಕಂಡದ್ದೇ ಬೇರೆ. ವಾಡೆಯಲ್ಲಿ ಚಹಾ ಕುಡಿದವಳು ನಮ್ಮ ಕೈಯ ಅಕ್ಕಿ ಮುಟ್ಟಲಿಲ್ಲ, ಇದೇ ಇವಳ ಸಂಪ್ರದಾಯ ಎಂದು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಕ್ಷೇತ್ರವೆಲ್ಲ ನೋಡಿತು, ಮರುದಿನ ನೀನೂ ನೋಡಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗಾಯಿತು.

ನನಗೆ ಸಿಟ್ಟು ಬಂತು. ನಾನು ಅಂಥವಳಲ್ಲ ಎಂದು ಜೀಪಿನಲ್ಲಿ ಕೂತು ಕೂಗಾಡಿದೆ. ಮಾಶಾಬಿ ಎಲ್ಲ ಕೇಳಿ ಹೇಳಿದಳು: "ಅಕ್ಕಾರ, ನೀವು ಯಾಕ ಸರದ್ರಿ ಅನ್ನೂದು ನಿಮಗ ಗೊತ್ತು, ನನಗ ಗೊತ್ತು. ಆಕಿಗೇನ ಗೊತ್ತು? ಆಕಿ ಅಜ್ಜಿನ ಕಾಲದಿಂದ ಮಂದಿ ಆಕಿ ಮುಂದ ಹಂಗ ಸರಕೋತ ಬಂದಾರ." ನನ್ನ ಸಿಟ್ಟೆಲ್ಲ ಇಳಿದುಹೋಯಿತು ಕಾವ್ಯಾ. ನಾಚಿಕೆಯಾಯಿತು.

ಸತೀಶ ಒಂದು ಉಪಾಯ ತಂದ. ದುಂಡವ್ವನನ್ನು ಜೀಪಿನಲ್ಲಿ ಟಿಕೋಟಾಕ್ಕೆ ಕರೆತಂದು ವೇದಿಕೆಯ ಮೇಲೆ ಕೂಡಿಸಿ, ಅವಳ ಪಕ್ಕದಲ್ಲಿ ನಾನು ಊಟ ಮಾಡಬೇಕಂತೆ, ಅದನ್ನು ವಿಡಿಯೋ ಮಾಡಿ ಬಿಡಬೇಕಂತೆ. "ತಪ್ಪ ನಂದು, ಮೆರವಣಿಗಿ ಆಕಿದಾ? ಏನ್ ಮಾತಲೇ ಇದು" ಎಂದು ಬೈದೆ. ಬುಧವಾರ ಮುಂಜಾನೆ ಮಾಶಾಬಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಮೈಕಿಲ್ಲ, ಜೀಪಿಲ್ಲ, ಕತ್ತರಿಯೂ ಇಲ್ಲ.

ದುಂಡವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳ ಗಂಡ ರಾಮಲಿಂಗ ಹೊರಸಿನ ಮೇಲೆ ಮಲಗಿದ್ದ. ನನ್ನನ್ನು ನೋಡಿ ಅವಳು ಏಳಲಿಲ್ಲ, ಯಾಕೆ ಏಳಬೇಕು? ನಾನೇ ನೆಲಕ್ಕೆ ಕೂತೆ. "ಗಂಡ ತೀರಿದಾಕಿ ನಾ, ಉಡಿ ತುಂಬಿಸ್ಕೋಬಾರ್ದು ಅಂತ ಸರದ್ನೆವ್ವಾ. ನಿನ್ನ ಕೈ ನೋಡಿ ಅಲ್ಲ. ಬಾಯಿ ಬಿಟ್ಟ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪಾತು" ಎಂದೆ.

ಅವಳು ಮೊರ ಕೆಳಗಿಟ್ಟಳು. "ಗಂಡ ತೀರಿದ್ದು ನನಗೂ ಕಾಣ್ತೈತ್ರಿ, ಕಣ್ಣ ಅದಾವ" ಎಂದಳು. "ಆದ್ರ ಊರ ಮಗಳು ಅಂತ ತಂದಿದ್ದೆ. ಗಂಡ ತೀರಿದ್ರ ತವರೂ ತೀರತೈತೇನು?"

ಆ ಮಾತು ಅವಳು ನನಗೆ ಆಡಿದ್ದು. ಆದರೆ ನನಗೆ ಕೇಳಿಸಿದ್ದು ನಿನ್ನ ಸಲುವಾಗಿ. ಮೂರು ವರ್ಷದ ಹಿಂದೆ ಅಳಿಯಂದಿರು ತೀರಿಹೋದಮೇಲೆ ನೀನು ಹಬ್ಬಕ್ಕೆ ಬರುತ್ತೀ, ಉಣ್ಣುತ್ತೀ, ಓಣಿಯ ಹೆಂಗಸರು ಅರಿಷಿಣ ಕುಂಕುಮಕ್ಕೆ ಸೇರುವ ಹೊತ್ತಿಗೆ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೊರಡುತ್ತೀ. ಸಾಲೆಯ ಕೆಲಸ ಇದೆ ಅನ್ನುತ್ತೀ. ನಾನೂ ಹೌದು ಹೌದು ಎಂದು ರೊಟ್ಟಿ ಕಟ್ಟಿ ಕೊಡುತ್ತೇನೆ. ನಮ್ಮಿಬ್ಬರಿಗೂ ಗೊತ್ತು, ಇಬ್ಬರೂ ಅನ್ನುವುದಿಲ್ಲ.

ಅಂಗಳದಲ್ಲಿ ಕೂತು ನಾನು ಅತ್ತೆ. ದುಂಡವ್ವ ಸಮಾಧಾನ ಮಾಡಲಿಲ್ಲ, ಒಳಗೆ ಎದ್ದು ಹೋದಳು. ಅಂದಿನ ಅಕ್ಕಿಯನ್ನು ಅವರು ಬೇಯಿಸಿ ಉಂಡಾಗಿತ್ತು, ತೆಂಗಿನಕಾಯಿ ಚಟ್ನಿಯಾಗಿತ್ತು. ಡಬ್ಬಿಯಿಂದ ಬೇರೆ ಅಕ್ಕಿ ತಂದಳು, ಕಾಯಿಯ ಬದಲಿಗೆ ಒಂದು ಹಿಡಿ ಶೇಂಗಾ ಇಟ್ಟಳು, ಖಣ ಅದೇ. "ಇದರಾಗ ಓಟಿನ ಮಾತಿಲ್ಲ ಮತ್ತ" ಎಂದಳು. ಹೊರಸಿನಿಂದ ರಾಮಲಿಂಗ ದನಿ ಎತ್ತಿದ: "ತುಂಬಿಸ್ಕೋರಿ ಅಮ್ಮಾರ. ಓಟ ಅಂತೂ ನಾವು ಕತ್ತರಿಗೆ ಹಾಕೂದಿಲ್ಲ, ನಮ್ಮದು ಬ್ಯಾರೆ ಪಕ್ಷ." ಮಾಶಾಬಿ ಬಿದ್ದು ಬಿದ್ದು ನಕ್ಕಳು, ಕಣ್ಣು ಒರೆಸಿಕೊಂಡು ನಾನೂ ನಕ್ಕೆ. ಎದ್ದು ನಿಂತು ಸೆರಗು ಒಡ್ಡಿದೆ. ಅಕ್ಕಿ ಉಡಿಗೆ ಬಿದ್ದಾಗ ಎಷ್ಟು ಭಾರ ಇರುತ್ತದೆ ಎಂಬುದೇ ಮರೆತುಹೋಗಿತ್ತು ನನಗೆ.

ಬಸ್ಸಿನಲ್ಲಿ ಉಡಿ ಕಟ್ಟಿಕೊಂಡೇ ಬಂದೆ. ಹೊನವಾಡದಲ್ಲಿ ಇಳಿದಾಗ ಕಟ್ಟೆಯ ಮೇಲಿದ್ದ ಹಿರಿಯರು ಕಂಡರು. ಸಂಪ್ರದಾಯ ಅನ್ನುವವಳೇ ಸಂಪ್ರದಾಯ ಮುರಿದಳು ಎಂದು ಆ ರಾತ್ರಿಯೇ ಮಾತಾಯಿತಂತೆ. ನಾನು ಮುರಿದಿಲ್ಲ. ತವರಿಗೆ ಬಂದ ಮಗಳನ್ನು ಬರಿಯ ಉಡಿಯಲ್ಲಿ ಕಳಿಸಬಾರದು ಎಂಬುದೂ ಹಿರಿಯರದೇ ಮಾತು, ನಾವು ನಡುವೆ ಎಲ್ಲೋ ಅದಕ್ಕೊಂದು ಕೊಕ್ಕೆ ಹಾಕಿಕೊಂಡೆವು. ನೀನು ಇದಕ್ಕೆ ಸುಧಾರಣೆ ಎಂದು ದೊಡ್ಡ ಹೆಸರು ಇಡಬೇಡ. ಸಾರಾಯಿ ಅಂಗಡಿ, ಗಾಯರಾಣ, ಡಿಜೆ, ಒಂದು ಮನೆ ಒಂದು ಒಲೆ, ಎಲ್ಲವೂ ಹಾಗೇ ಇವೆ. ನಾನು ಹಳೆಯ ಕಾಲದವಳೇ.

ಇವತ್ತು ಪ್ರಚಾರ ಮುಗಿಯಿತು. ಕೊನೆಯ ಸಭೆ ನಮ್ಮ ಊರ ಅಗಸಿ ಬಾಗಿಲ ಮುಂದೆ ಆಯಿತು. ನಡುವೆಯೇ ಒಂದಷ್ಟು ಮಂದಿ ಎದ್ದು ಹೋದರು. ಬಿಸಿಲು ಬಹಳ ಇತ್ತು ಅನ್ನು. ಮೈಕು ಬಬಲೇಶ್ವರಕ್ಕೆ ವಾಪಸು ಹೋಯಿತು, ಗಂಟಲು ಮಾತ್ರ ನನ್ನ ಹತ್ತಿರ ಉಳಿದಿದೆ, ಅದೂ ಅರ್ಧ. ರವಿವಾರ ಮತದಾನ. ಗೆದ್ದರೆ ಐದು ಗಂಟೆಯ ಬಸ್ಸಿಗಾಗಿ ಕಚೇರಿ ಕಚೇರಿ ಅಲೆಯುತ್ತೇನೆ. ಸೋತರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಗೆದ್ದವಳನ್ನು ಅಲೆಯಿಸುತ್ತೇನೆ. ಎರಡೂ ನನಗೆ ಒಪ್ಪಿಗೆಯೇ. ಮನಸ್ಸು ಹಗುರ ಇದೆ ಕಾವ್ಯಾ, ಬಹಳ ದಿನದ ಮೇಲೆ.

ಈ ಕಾಗದ ಮಾಶಾಬಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಬಳೆ ತರಲು ವಿಜಯಪುರಕ್ಕೆ ಬರುತ್ತಾಳೆ. ಅವಳಿಗೆ ಚಹಾ ಕೊಡು, ಸಕ್ಕರೆ ಕಡಿಮೆ. ಗೌತಮಿಗೆ ಮುತ್ತು.

ನಿನ್ನ ಅವ್ವ,
ಗುರುಬಸವ್ವ
(ಗುರುತು: ಕತ್ತರಿ)

ತಾ.ಕ.: ಮುಂದಿನ ಗುರುವಾರ ಸೊಸೆಯ ಕುಬಸದ ಕಾರ್ಯ. ಬಸುರಿಗೆ ಮೊದಲ ಉಡಿ ಯಾರು ತುಂಬಬೇಕು ಎಂದು ಹಿರಿಯರು ಕೇಳುತ್ತಿದ್ದರು. ನನ್ನ ಮಗಳು ಕಾವ್ಯಾ ತುಂಬುತ್ತಾಳೆ ಎಂದೆ. ಮತದಾನ ಮುಗಿಯುವ ತನಕ ಇದನ್ನು ಯಾರಿಗೂ ಹೇಳಬೇಡವೆಂದು ಸತೀಶ ಕೈ ಮುಗಿದು ಕೇಳಿಕೊಂಡಿದ್ದ. ನಾನು ಇವತ್ತಿನ ಸಭೆಯಲ್ಲಿ, ಮೈಕಿನಲ್ಲೇ ಹೇಳಿದೆ. ಮಂದಿ ಎದ್ದು ಹೋದದ್ದು ಬಿಸಿಲಿಗಲ್ಲ. ನಿನ್ನ ಅತ್ತಿಗೆ ಮಾತ್ರ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ವೇದಿಕೆಯ ಕೆಳಗೆ ಒಬ್ಬಳೇ ಚಪ್ಪಾಳೆ ತಟ್ಟುತ್ತ ನಿಂತಿದ್ದಳು. ಅವಳಿಗೆ ಉಡಿ ತುಂಬಿದ ಮೇಲೆ ನಿನಗೆ ನಾನು ತುಂಬುತ್ತೇನೆ. ಬುಧವಾರವೇ ಬಾ, ಎರಡು ದಿನದ ರಜೆ ಹಾಕಿ ಬಾ.