ಮಧ್ಯೆ ಸೇರಿಸಿದ ಪ್ಯಾರಾ

ಮಾರ್ಚ್ 3, ಬೆಳಿಗ್ಗೆ 10:20
ಇನ್ನೂ ಮೂರನೇ ಭಾಗದಲ್ಲೇ ಇದೀನಿ. ನಮ್ಮ ಕಣ್ಣಾಸ್ಪತ್ರೆಯ ಆಪರೇಷನ್ ಸರದಿ ನಡೆಸೋ ಪ್ರೋಗ್ರಾಂ, ಕೋಬಾಲ್ ಅನ್ನೋ ಹಳೇ ಕಂಪ್ಯೂಟರ್ ಭಾಷೇಲಿ ಬರೆದಿದ್ದು. ನನಗಿಂತ ಹತ್ತು ವರ್ಷ ಚಿಕ್ಕದು. ತಿಂಗಳ ಕೊನೆಗೆ ಹೊಸದು ಬರುತ್ತಂತೆ. ಅಷ್ಟರಲ್ಲಿ ಹಳೇದು ಏನೇನು ಮಾಡುತ್ತೆ ಅಂತ ಸಾದಾ ಮಾತಲ್ಲಿ ಬರೆದುಕೊಡಬೇಕು. ಇಪ್ಪತ್ತು ವರ್ಷ ಡೇಟಾ ಎಂಟ್ರಿ ಮಾಡಿದೀನಿ, ಇದರ ಹೊಟ್ಟೆಯೊಳಗೆ ಇಣುಕಿದವಳಲ್ಲ.

ಅಬ್ಬಾ, ಎಷ್ಟು ಶಿಸ್ತು! ಮೊದಲ ಭಾಗದಲ್ಲಿ ತನ್ನ ಹೆಸರು ಹೇಳಿಕೊಳ್ಳುತ್ತೆ. ಎರಡರಲ್ಲಿ ಯಾವ ಮಷೀನು, ಯಾವ ಫೈಲು. ಮೂರರಲ್ಲಿ ಸಾಮಾನು ಪಟ್ಟಿ — ಹೆಸರಿಗೆ ಮೂವತ್ತು ಅಕ್ಷರ, ವಿಳಾಸಕ್ಕೆ ಅರವತ್ತು. ಕೆಲಸ ಶುರುವಾಗೋದೇ ನಾಲ್ಕರಲ್ಲಿ.

ಮಾರ್ಚ್ 4
ಅತ್ತೆ ಮತ್ತೆ — "ಆಸ್ಪತ್ರೆ ಕಾಗದ ಬಂತೇನೇ?" ಎರಡು ವರ್ಷದಿಂದ ದಿನಾ ಇದೇ. ಬಲಗಣ್ಣು ಹೋಗೇಬಿಟ್ಟಿದೆ, ಎಡದ್ದು ತಡ ಮಾಡಬೇಡಿ ಅಂದಿದ್ರು ಡಾಕ್ಟರು. ಒಳಗಿನವಳು ಅಂತ ಸರದಿ ಮುರಿದು ಅತ್ತೇನ ಮುಂದೆ ತರ್ತಾಳೆ ಅಂದಾರು ಅಂತ ನಾನು ಒಂದು ದಿನವೂ ವಿಚಾರಿಸಿಲ್ಲ. "ಬಂದಾಗ ಬರುತ್ತೆ ಬಿಡಿ ಅತ್ತೆ!" ಅಂತ ರೇಗಿದೆ.

ಮಾರ್ಚ್ 6
ಪ್ರೋಗ್ರಾಂ ಬರೆದು ರಿಟೈರ್ ಆದ ಮೇಷ್ಟ್ರಿಗೆ ಫೋನ್. ಖುಷಿಯೋ ಖುಷಿ.
"ನಾಲ್ಕನೇ ಭಾಗ ಪುಸ್ತಕ ಇದ್ದ ಹಾಗೆ ಕಣಮ್ಮಾ. ಸೆಕ್ಷನ್ನು, ಅದರೊಳಗೆ ಪ್ಯಾರಾ, ವಾಕ್ಯ, ಕೊನೆಗೆ ಚುಕ್ಕಿ. ಪ್ರತಿ ಪ್ಯಾರಾಗೂ ಒಂದು ಹೆಸರು. ಈ ಪ್ಯಾರಾದಿಂದ ಆ ಪ್ಯಾರಾವರೆಗೆ ಮಾಡು ಅಂದ್ರೆ ಮಾಡಿ, ಹೊರಟ ಜಾಗಕ್ಕೆ ವಾಪಸ್ ಬರುತ್ತೆ."
"ಮಧ್ಯದಲ್ಲಿ ಇರೋದು?"
"ಅದನ್ನೂ ಮಾಡುತ್ತೆ. ಎದುರಿಗೆ ಸಿಕ್ಕಿದ್ದನ್ನ ಯಾಕೆ ಅಂತ ಕೇಳೋ ಜಾತಿ ಅಲ್ಲ ಅದು."
ಅಡುಗೆ ಮಾಡ್ತಾನೂ ಪ್ಯಾರಾಗಳೇ ತಲೆಯಲ್ಲಿ. ಈ ವಯಸ್ಸಲ್ಲಿ ಇದೆಂಥ ಹುಚ್ಚೋ.

ಮಾರ್ಚ್ 9, ಮಧ್ಯಾಹ್ನ 3
ಒಬ್ಬರ ವಿವರ ಹಿಡಿದು ಸಾಲುಸಾಲಾಗಿ ಬೆರಳಿಟ್ಟು ನಡೆದು ನೋಡೋಣ ಅನ್ನಿಸ್ತು. ಬಾಯಿಪಾಠ ಇರೋದು ಅತ್ತೆಯದೇ. ಹೆಸರು ಬಂತು. ವಿಳಾಸ ಬದಲಾವಣೆ — ಹೌದು, ನಮ್ಮನೆಗೆ ಬಂದಾಗ ಬದಲಾಯ್ತು. 'ವಿಳಾಸ ಶುರು' ಪ್ಯಾರಾದಿಂದ 'ವಿಳಾಸ ಮುಗಿತು' ಪ್ಯಾರಾವರೆಗೆ ಮಾಡು. ಸರಿ.
ಅವೆರಡರ ಮಧ್ಯೆ ಇನ್ನೊಂದು. 'ಬೇರೆ ಕಡೆ ಆಪರೇಷನ್ ಆಗಿದೆ, ಹೆಸರು ತೆಗೆ.'
ಮೂರು ಸಲ ಬೆರಳಿಟ್ಟೆ. ಮನೆ ಬದಲಿಸಿದವರೆಲ್ಲ ಇದರಲ್ಲಿ ಬೀಳ್ತಾರೆ… ಪಟ್ಟಿಯಲ್ಲಿ ಹುಡುಕಿದೆ. ಅತ್ತೆ ಹೆಸರಿಲ್ಲ. ವಿಳಾಸ ಬದಲಾವಣೆ ಫಾರಂ ತುಂಬಿಕೊಟ್ಟವಳು ನಾನೇ.

ಮಾರ್ಚ್ 10
ಮೇಷ್ಟ್ರಿಗೆ ಹೇಳಿದೆ. "ರಿಟೈರ್ ಆಗೋ ವರ್ಷ ಸೇರಿಸಿದ್ದು. ಎರಡೂ ಹೆಸರು-ವಿಳಾಸದ ಕೆಲಸ, ಹತ್ತಿರ ಇರಲಿ ಅಂತ ಅಲ್ಲಿಟ್ಟೆ… ಎಷ್ಟು ಜನಮ್ಮಾ?"
ಮೂವತ್ತೊಂದು.

ಮಾರ್ಚ್ 13
ಪ್ಯಾರಾ ಎತ್ತಿ ಸೆಕ್ಷನ್ ಕೊನೆಗೆ ಹಾಕಿದ್ದಾಯ್ತು. ದೊಡ್ಡ ಡಾಕ್ಟರು ಬೈದರು, ಆಮೇಲೆ ದಿನಕ್ಕೊಂದು ಆಪರೇಷನ್ ಹೆಚ್ಚಿಗೆ ಮಾಡ್ತೀನಿ ಅಂದರು. ಬಿಟ್ಟುಹೋದ ಮೂವತ್ತೊಂದು ಜನರಲ್ಲಿ ನೋಂದಣಿ ತಾರೀಖಿನ ಪ್ರಕಾರ ಅತ್ತೆ ಹದಿನಾಲ್ಕನೆಯವರು.
ಅತ್ತೆ ಹತ್ತಿರ ಕೂತು ಎಲ್ಲಾ ಹೇಳಿದೆ. ತಪ್ಪಾಯ್ತು ಅಂದೆ. ಬೈತಾರೆ ಅಂದ್ಕೊಂಡಿದ್ದೆ.
"ಆಗಿದ್ದಾಯ್ತು ಬಿಡೇ. ಹದಿನಾಲ್ಕಾ? ಕಂಪ್ಯೂಟರ್ ನಿನ್ನ ಕೈಲೇ ಇದೆಯಲ್ಲ, ಒಂಚೂರು ಮೇಲೆ ಜರುಗಿಸೋಕಾಗಲ್ವಾ?"
ಅಳು ಬರೋದ್ರಲ್ಲಿತ್ತು, ನಗು ಬಂತು. ಆಗಲ್ಲ ಅತ್ತೆ ಅಂದೆ.

ಮಾರ್ಚ್ 14, ಸಂಜೆ 6
ಇಡೀ ದಿನ ಆ ಪಟ್ಟಿಯವರಿಗೆ ಫೋನು. ಕೆಲವರು ಉಗಿದರು, ಒಬ್ಬ ಟೈಲರ್ ಅತ್ತುಬಿಟ್ಟ. ಪಟ್ಟಿಯ ಏಳನೆಯವರಿಗೆ ಮಾಡಿದಾಗ ಮಗಳು ಎತ್ತಿದಳು. "ಅಪ್ಪಂಗಾ? ಅಪ್ಪ ಹೋಗಿ ಎಂಟು ತಿಂಗಳಾಯ್ತಲ್ಲ. ಕೊನೇವರೆಗೂ ಕಾಗದ ಬಂತಾ ಅಂತ ಕೇಳ್ತಿದ್ರು."
ಹೆಸರು ತೆಗೆದೆ. ಈ ಸಲ ನಾನೇ, ಕೈಯಾರೆ.
ಮನೆಗೆ ಬಂದು ಅತ್ತೆಗೆ ಹೇಳಿದೆ, ಈಗ ನಿಮ್ಮದು ಹದಿಮೂರು.
ಮುಖ ಅರಳಿತು. "ಜರುಗಿಸಿದೆಯಲ್ಲ! ಹೇಗೆ ಮಾಡಿದೆ?"
ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಕೇಳಿ ಅತ್ತೆ ನನ್ನ ಕೈ ಹಿಡ್ಕೊಂಡು, "ಅವರ ಹೆಸರೇನೇ" ಅಂದರು. ನಾನು ಹೆಸರು ಹೇಳಿದೆ.