ಎಂಟನೆಯ ಹಾಡಿನಲ್ಲಿ ಮಗ್ಗ ನೇಯುವವರು ಯಾರು?

ಕೊಳ್ಳೇಗಾಲ
ಮೂರನೆಯ ಎಣಿಕೆಯ ತೊಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಐದನೆಯ ದಿನ

ಶಿವಮಲ್ಲು ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದ ಮಡಚಿಡಬೇಡಿ. ನಾನು ಹುಟ್ಟುವುದಕ್ಕೆ ನಿಮ್ಮ ಲೆಕ್ಕದಲ್ಲಿ ಇನ್ನೂ ಇನ್ನೂರ ಎಂಬತ್ತು ವರ್ಷ ಬೇಕು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಲಗ್ನಪತ್ರಿಕೆಗಳನ್ನು ಓದಿ ಕಲಿತವಳು. ಹೆಸರು ಬೊಮ್ಮಕ್ಕ, ವಯಸ್ಸು ಎಪ್ಪತ್ತೊಂದು. ನಮಗೆಲ್ಲ ಜೀವಮಾನಕ್ಕೊಂದು ಹಿಂದೋಲೆ ಸಿಗುತ್ತದೆ, ಅಂದರೆ ಕಳೆದ ಕಾಲಕ್ಕೆ ಒಂದೇ ಒಂದು ಕಾಗದ. ಎಲ್ಲರೂ ತಮ್ಮ ಮುತ್ತಜ್ಜಂದಿರಿಗೆ ಬರೆಯುತ್ತಾರೆ. ನಾನು ಒಬ್ಬ ರ‍್ಯಾಪರ್‌ಗೆ ಬರೆಯುತ್ತೇನೆಂದಾಗ ನನ್ನ ಗಂಡ ಎರಡು ದಿನ ಮಾತು ಬಿಟ್ಟ.

ಹದಿಮೂರನೆಯ ತಿಂಗಳು ಬಿಸಿಲಿಗೆ ಹೆದರಿ ನಾವೇ ಸೇರಿಸಿಕೊಂಡದ್ದು. ಆ ತಿಂಗಳು ಯಾರೂ ಹೊಲಕ್ಕೆ ಹೋಗುವುದಿಲ್ಲ. ಊರಿಗೆ ಊರೇ ಕಾವೇರಿ ದಂಡೆಯ ನೆಲಮನೆಗಳಿಗೆ ಇಳಿದು, ರಾಗಿ ಗಂಜಿ ಕುಡಿಯುತ್ತಾ, ಜಗಳವಾಡುತ್ತಾ, ಹಾಡುತ್ತಾ ಇರುತ್ತದೆ. ಹಾಡುಗಳನ್ನು ನಾವು ಯಂತ್ರಕ್ಕೆ ಒಪ್ಪಿಸುವುದಿಲ್ಲ. ನಿಮ್ಮ ನಂತರದ ಕಾಲದಲ್ಲಿ ಯಂತ್ರಗಳು ಯಾರ ದನಿಯಲ್ಲಿ ಬೇಕಾದರೂ ಹಾಡಲು ಕಲಿತು, ತೀರಿಹೋದ ತಾಯಂದಿರ ದನಿಯಲ್ಲಿ ಸೋಪು ಮಾರಿದವಂತೆ. ಅದಕ್ಕೆ ನಮ್ಮ ಹಿರಿಯರು ಕೊರಳೊಪ್ಪಿಗೆ ಎಂಬ ಕಟ್ಟಳೆ ತಂದರು. ಒಂದು ಹಾಡು ಒಬ್ಬರ ಕೊರಳಲ್ಲಿರುತ್ತದೆ. ಅದನ್ನು ಇನ್ನೊಬ್ಬರಿಗೆ ಕೊಡುವ ದಿನ, ಆ ಹಾಡಿಗೆ ದನಿ ಕೊಟ್ಟ ಪ್ರತಿಯೊಬ್ಬರ ಹೆಸರನ್ನೂ ಸಭೆಯಲ್ಲಿ ಹೇಳಬೇಕು. ಒಂದು ಹೆಸರು ತಪ್ಪಿದರೂ ಹಾಡು ದಾಟುವುದಿಲ್ಲ, ಹಾಡಿದವರೊಂದಿಗೇ ಮುಗಿಯುತ್ತದೆ.

ನಿಮ್ಮ ‘ಎಲ್ಲರದೂ’ ಆಲ್ಬಂ ನನಗೆ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಂದು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಂದಿನಿಂದ ಕೇಳಬೇಕೆಂದಿರುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಆಲ್ಬಂ ಹೊದಿಕೆಯ ಚಿತ್ರದಲ್ಲಿ ಮನೆಯೊಳಗೂ ಕಪ್ಪು ಕನ್ನಡಕವೇಕೆ? ಮುಂಬೈ, ಚೆನ್ನೈ, ಚಂಡೀಗಢ ಎಂದು ಹನ್ನೊಂದು ಹೆಸರಾಂತ ಗಾಯಕರನ್ನು ಹಿಡಿದು ತಂದಿರಲ್ಲ, ಅವರಿಗೆ ಕೊಳ್ಳೇಗಾಲ ಎಲ್ಲಿದೆಯೆಂದಾದರೂ ಗೊತ್ತಿತ್ತೇ? ದೇಶಕ್ಕೆಲ್ಲ ಹಿಡಿಸಬೇಕು ಎಂಬ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನೆಂಟರನ್ನೆಲ್ಲ ಕರೆದು ಊಟಕ್ಕೆ ಕೂರಿಸಿ, ನೀವು ಮಾತ್ರ ಬಡಿಸುತ್ತಾ ನಿಂತ ಹಾಗಿದೆ. ನಿಮ್ಮೂರಿನ ಮಾತನ್ನಂತೂ ಒಗೆದು ಇಸ್ತ್ರಿ ಮಾಡಿಬಿಟ್ಟಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಅವರು ದನಿಗೂಡಿಸಿದ ಹನ್ನೊಂದು ಹಾಡುಗಳನ್ನು ಇಲ್ಲಿ ಯಾರೂ ಕೊರಳಿಗೆ ತೆಗೆದುಕೊಳ್ಳಲಿಲ್ಲ.

ಎಂಟನೆಯದನ್ನು ನಾನು ತೆಗೆದುಕೊಂಡೆ. ಅದರಲ್ಲಿ ನೆಂಟರಿಲ್ಲ, ನೀವೊಬ್ಬರೇ ಎಂದು ಹೊದಿಕೆ ಹೇಳುತ್ತದೆ. ಹೊದಿಕೆ ಸುಳ್ಳು ಹೇಳುತ್ತದೆ. ಮಗ್ಗದ ಸದ್ದಿನ ಹಿಂದೆ ಒಬ್ಬ ಹೆಂಗಸು ನಾಲ್ಕು ಸಾಲು ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಕೆಮ್ಮುತ್ತಾರೆ, ನಿಲ್ಲಿಸುವುದಿಲ್ಲ. ನಲವತ್ತಮೂರು ವರ್ಷಗಳಿಂದ ನಾನು ಆ ಕೆಮ್ಮನ್ನೂ ಬಿಡದೆ ಹಾಡುತ್ತಿದ್ದೇನೆ. ಅವರು ಯಾರು? ಆಲ್ಬಂ ಬಂದು ಒಂದು ವರ್ಷವಾದ ಮೇಲೆ ನೀವು ರೇಡಿಯೋದವರೊಬ್ಬರಿಗೆ ಹೇಳಲಿರುವ ಮಾತು ನನ್ನ ಬಳಿ ಇದೆ: “ಅದು ನಮ್ ಬೀದಿ ಅಕ್ಕ ಕನಣ್ಣ. ನಾ ಮಗ್ಗದ್ ಸದ್ದು ಹಿಡ್ಕಬರಕ್ ಹೋಗಿದ್ದಿ, ಅವ್ರು ಹಾಡ್ಕಂಡು ನೇಯ್ತಾ ಕೂತಿದ್ರು. ಹೆಸ್ರು ಹಾಕುಮಾ ಅಂದಿ ನಾ. ಅಷ್ಟ್ ದೊಡ್ಡ್ ಹೆಸ್ರುಗಳ ಜೊತ ಇದ್ಯಾಕ ಅಂದ್ರು ಪ್ರೊಡ್ಯೂಸರು.” ಅಲ್ಲಿಗೆ ಮಾತು ಬದಲಾಗುತ್ತದೆ. ಆಗಲೂ ನೀವು ಹೆಸರು ಹೇಳಲಿಲ್ಲ. ನನಗೆ ನಿಮ್ಮ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿಯೇ.

ನನ್ನ ಗಂಟಲಿನಲ್ಲಿ ಗಂಟು ಬೆಳೆದಿದೆ. ನಾಡಿದ್ದು ತೆಗೆಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ವೈದ್ಯರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ನನ್ನ ಮಗಳು ಇರುವಂತಿ ಹಾಡನ್ನು ಕಲಿತು ಕೂತಿದ್ದಾಳೆ. ನಾಳೆ ಸಭೆಯಲ್ಲಿ ನಿಮ್ಮ ಹೆಸರು ಹೇಳುತ್ತೇನೆ, ಆ ಅಕ್ಕನ ಹೆಸರಿಲ್ಲದೆ ಹಾಡು ಅವಳಿಗೆ ದಾಟುವುದಿಲ್ಲ. ಸುಳ್ಳು ಹೆಸರು ಹೇಳು, ಯಾರಿಗೆ ಗೊತ್ತಾಗುತ್ತದೆ ಎಂದ ನನ್ನ ಗಂಡ. ಆ ಕೆಮ್ಮು ಕೇಳಿದ ಮೇಲೆ ನನ್ನಿಂದ ಅದು ಆಗದು.

ಈ ಕಾಗದ ಸೇರುವಾಗ ಆಲ್ಬಂ ಹೊರಬರಲು ನಾಲ್ಕು ದಿನ ಇರುತ್ತದೆ. ಹೊದಿಕೆಯಲ್ಲಿ ಆ ಹನ್ನೊಂದರ ಕೆಳಗೆ ಇನ್ನೊಂದು ಹೆಸರಿಗೆ ಜಾಗವಿದೆ, ನಾನು ಅಳತೆಪಟ್ಟಿ ಇಟ್ಟು ನೋಡಿದ್ದೇನೆ. ಬರೆಯಿಸಿ, ನನ್ನ ಬಳಿಯ ಪ್ರತಿಯಲ್ಲೂ ಅದು ಕಾಣಿಸೀತು. ಪ್ರೊಡ್ಯೂಸರು ಒಪ್ಪದಿದ್ದರೆ ಅವರೊಂದಿಗೆ ಗುದ್ದಾಡುತ್ತಾ ದಿನ ಕಳೆಯಬೇಡಿ. ಕನ್ನಡಕ ತೆಗೆದಿಟ್ಟು ಆ ಅಕ್ಕನ ಮನೆಗೆ ಹೋಗಿ. ಮಗ್ಗ ನಿಲ್ಲುವವರೆಗೆ ಕಾಯಿರಿ. ಅವರ ನಾಲ್ಕು ಸಾಲನ್ನು ಒಬ್ಬಳು ತನ್ನ ದನಿ ಇರುವಷ್ಟು ದಿನ ಹಾಡಿದಳು ಎಂದು ತಿಳಿಸಿ. ಆಮೇಲೆ ಅವರ ಹೆಸರನ್ನು ಅವರೆದುರಿಗೇ ಒಮ್ಮೆ ಗಟ್ಟಿಯಾಗಿ ಹೇಳಿ. ನನಗೆ ಕೇಳಿಸುವುದಿಲ್ಲ. ಅವರಿಗೆ ಕೇಳಿಸಲಿ.

ಇಷ್ಟು ಬರೆದವಳು,
ಬೊಮ್ಮಕ್ಕ